ವೀಣೆ ಪಾಠಕ್ಕೆ ಲಾಜಿಟೆಕ್ ಸಿ920 ವೆಬ್‌ಕ್ಯಾಮ್: ಐದು ವರ್ಷದ ಬಳಕೆ

2020ರ ಲಾಕ್‌ಡೌನ್‌ನಲ್ಲಿ ನಾನು ಹೇಳಿಕೊಡುವ ವೀಣೆ ಪಾಠ ಆನ್‌ಲೈನ್ ಆಯಿತು. ಇವತ್ತಿಗೂ ಹಾಗೇ ನಡೆದಿದೆ. ನಾನಿರುವುದು ಮೈಸೂರು, ಕಲಿಯುವ ಮಕ್ಕಳಿರುವುದು ಅಮೆರಿಕದ ನ್ಯೂಜೆರ್ಸಿ. ಭಾನುವಾರ ಬೆಳಗ್ಗೆ ಆರೂವರೆಗೆ ನಾನು ಶ್ರುತಿ ಮಾಡಿಕೊಂಡು ಕೂತರೆ ಅಲ್ಲಿ ಇನ್ನೂ ಶನಿವಾರ ರಾತ್ರಿ.

ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ನನ್ನ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ವೀಣೆ ಕಲಿಯುವ ಮಗುವಿಗೆ ಬೇಕಾದದ್ದು ಎಡಗೈ. ಬೆರಳು ಯಾವ ಮೆಟ್ಟಿಲ ಮೇಲಿದೆ, ಗಮಕಕ್ಕೆ (ಸ್ವರವನ್ನು ತೂಗಿಸಿ ನುಡಿಸುವುದಕ್ಕೆ) ತಂತಿಯನ್ನು ಎಷ್ಟು ಎಳೆದೆ, ಅದು ಕಾಣಬೇಕು. ಮೊದಲು ಅಗ್ಗದ ಒಂದು ವೆಬ್‌ಕ್ಯಾಮ್ ತಂದೆ. ಬಾಕ್ಸ್ ಮೇಲೆ 12 ಮೆಗಾಪಿಕ್ಸೆಲ್ ಅಂತ ಇತ್ತು, ಚಿತ್ರ ಮಾತ್ರ ಮಸುಕು. ಆಮೇಲೆ ಗೊತ್ತಾಯಿತು, 1080ಪಿ (ಫುಲ್ ಎಚ್‌ಡಿ) ವಿಡಿಯೋಗೆ ಬೇಕಾಗುವುದೇ ಸುಮಾರು 2 ಮೆಗಾಪಿಕ್ಸೆಲ್. ಆ ದೊಡ್ಡ ಸಂಖ್ಯೆ ನೋಡಿ ಯಾರೂ ದುಡ್ಡು ಕೊಡಬೇಡಿ.

ಆಮೇಲೆ ತಂದದ್ದೇ ಸಿ920. 1080ಪಿ, ಸೆಕೆಂಡಿಗೆ 30 ಫ್ರೇಮ್, ಮೂಲೆಯಿಂದ ಮೂಲೆಗೆ 78 ಡಿಗ್ರಿ ನೋಟ. ಮೂರೂವರೆ ಅಡಿ ದೂರದಲ್ಲಿಟ್ಟರೆ ಕುಂಡಿಗೆಯಿಂದ (ವೀಣೆಯ ದೊಡ್ಡ ಕೊಡ) ತುದಿಯವರೆಗೆ ಇಡೀ ವೀಣೆ ಒಳಗೆ ಬರುತ್ತದೆ. ಕೆಳಗೆ ಟ್ರೈಪಾಡ್‌ಗೆ ಹಾಕುವ ಸ್ಕ್ರೂ ತೂತು ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಆಗಿದ್ದು ಆ ತೂತಿನಿಂದ. ನೆಲದಲ್ಲಿ ಕೂತು ನುಡಿಸುವವರಿಗೆ ಲ್ಯಾಪ್‌ಟಾಪ್ ಮೇಲೆ ಸಿಕ್ಕಿಸಿದ ಕ್ಯಾಮೆರಾ ಏನೂ ಪ್ರಯೋಜನವಿಲ್ಲ.

ಆದರೂ ಮೊದಲ ವಾರ ಒಬ್ಬಳು ಹುಡುಗಿ, "ಟೀಚರ್, ನಿಮ್ಮ ಮೇಲೆ ಪಟ್ಟೆ ಪಟ್ಟೆ ಓಡ್ತಾ ಇದೆ" ಅಂದಳು. ಕಾರಣ ನಮ್ಮ ಮನೆಯ ಹಳೇ ಚೋಕಿನ ಟ್ಯೂಬ್‌ಲೈಟ್. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಆ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾದಲ್ಲಿ ಮಿಣುಕು ತಡೆಯುವ ಸೆಟ್ಟಿಂಗ್ ಅಮೆರಿಕದ 60 ಹರ್ಟ್ಸ್‌ನಲ್ಲಿತ್ತು. 50ಕ್ಕೆ ಬದಲಾಯಿಸಿದೆ, ಪಟ್ಟೆ ಹೋಯಿತು.

ಬೆಳಕಿನ ವಿಷಯ ಇಷ್ಟಕ್ಕೇ ಮುಗಿಯಲಿಲ್ಲ. ಬೆಳಕು ಕಮ್ಮಿ ಇದ್ದರೆ ಯಾವ ಕ್ಯಾಮೆರಾ ಆದರೂ ಒಂದೊಂದು ಫ್ರೇಮನ್ನೂ ಜಾಸ್ತಿ ಹೊತ್ತು ತೆರೆದಿಡುತ್ತದೆ. ಅಷ್ಟರಲ್ಲಿ ಬೆರಳು ಸರಿದಿರುತ್ತದೆ, ಗಮಕ ಬರೀ ಕಲೆಯಂತೆ ಕಾಣುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತರಂತೂ ಮುಖ ಕಪ್ಪು. ನಾನು ಈಗ ಪೂರ್ವದ ಕಿಟಕಿಗೆ ಎದುರಾಗಿ ಕೂರುತ್ತೇನೆ, ಎಡಗೈ ಕಡೆ ಒಂದು ಎಲ್‌ಇಡಿ ಟೇಬಲ್ ಲ್ಯಾಂಪ್ ಇಡುತ್ತೇನೆ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ನಿಮ್ಮ ಹಳೇ ಕ್ಯಾಮೆರಾದಲ್ಲೇ ಇದನ್ನು ಮಾಡಿ ನೋಡಿ. ಕೊಳ್ಳುವ ಅಗತ್ಯವೇ ಬೀಳದಿರಬಹುದು.

ಆಟೋಫೋಕಸ್ ನಿಲ್ಲಿಸಿಟ್ಟಿದ್ದೇನೆ. ಕೈ ಮುಂದೆ ಬಂದಾಗಲೆಲ್ಲ ಫೋಕಸ್ ಅಲ್ಲಾಡುವುದು ಪಾಠಕ್ಕೆ ಬೇಡ. ಮೈಕ್ ಎರಡಿವೆ, ಮಾತಿಗೆ ಸಾಕು. ನಾದದ ವಿಷಯದಲ್ಲಿ ತೊಂದರೆ ಬರುವುದು ಬೇರೆ ಕಡೆಯಿಂದ: ಕಾಲ್ ಆ್ಯಪ್‌ಗಳು ಗದ್ದಲ ತೆಗೆಯುವಾಗ ವೀಣೆಯ ನಾದದ ಎಳೆಯನ್ನೂ ತೆಗೆದುಬಿಡಬಹುದು. ಝೂಮ್‌ನಲ್ಲಿ ಇದಕ್ಕೆಂದೇ "ಒರಿಜಿನಲ್ ಸೌಂಡ್" ಇದೆ, ಅದನ್ನು ಹಾಕಿಕೊಳ್ಳಿ.

ನನ್ನ ಮಾದರಿಯಲ್ಲಿ ಲೆನ್ಸಿಗೆ ಮುಚ್ಚಳ ಇಲ್ಲ. ಮುಚ್ಚಳ ಬೇಕು ಅನ್ನುವವರು ಸಿ920ಎಸ್ ತಗೊಳ್ಳಿ. 1080ಪಿಗಿಂತ ಸೂಕ್ಷ್ಮ ಚಿತ್ರ ಕೊಡುವ 4ಕೆ ಕ್ಯಾಮೆರಾ ಬೇಕಾ ಅಂತ ಕೇಳುತ್ತಾರೆ. ಕಾಲ್‌ನಲ್ಲಿ ಚಿತ್ರ ಹೇಗೂ ಕುಗ್ಗಿ ಹೋಗುತ್ತದೆ, ಆ ದುಡ್ಡಿಗೆ ಒಳ್ಳೆ ದೀಪ ಬರುತ್ತದೆ. ಪಟ್ಟೆ ತೋರಿಸಿಕೊಟ್ಟ ಹುಡುಗಿ ಈಗ ವರ್ಣ ಕಲಿಯುವ ಹಂತಕ್ಕೆ ಬಂದಿದ್ದಾಳೆ.