64 ಜನ ‘ಬರ್ತೀನಿ’ ಅಂದರು, ಮೂವರು ಬಂದರು: ಮುಂಬೈಯಲ್ಲಿ ನಾನು ಮಾಡಿ ನೋಡಿದ್ದು

ಮಾಟುಂಗಾದ ಫೈವ್ ಗಾರ್ಡನ್ಸ್. ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ನನ್ನ ಕೈಯಲ್ಲಿ 40 ಪೇಪರ್ ಕಪ್, ದೊಡ್ಡ ಸ್ಟೀಲ್ ಡಬ್ಬಿ ತುಂಬ ಹಚ್ಚಿದ ಅವಲಕ್ಕಿ. ಮುಂಬೈಯ ಕನ್ನಡದವರೆಲ್ಲ ಒಮ್ಮೆ ಸೇರೋಣ ಅಂತ ನಾನು ಕರೆದಿದ್ದ ಭೇಟಿಗೆ ಫೇಸ್‌ಬುಕ್‌ನಲ್ಲಿ 64 ಜನ ‘ಗೋಯಿಂಗ್’ ಒತ್ತಿದ್ದರು. ಹನ್ನೊಂದೂಕಾಲು ಆದರೂ ಬಂದವರು ಮೂರೇ ಜನ. ಅದರಲ್ಲಿ ಒಬ್ಬಳು ನಮ್ಮ ಪಕ್ಕದ ಬಿಲ್ಡಿಂಗಿನವಳು, ಮುಂಬೈ ಹೊರವಲಯದ ಡೊಂಬಿವಲಿಯಿಂದ ನನ್ನ ಜೊತೆಗೇ ಟ್ರೇನ್ ಹತ್ತಿದವಳು. ಅವಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ, ನೀವೇ ಹೇಳಿ. ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ಮೂರೂ ಹೊತ್ತು ಅವಲಕ್ಕಿ.

ನಾನು ಧಾರವಾಡದ ಕಡೆಯವಳು. ಡೊಂಬಿವಲಿಗೆ ಬಂದು ಒಂಬತ್ತು ವರ್ಷವಾಯಿತು. ಫೋನಿನಲ್ಲಿ ನೂರಾರು ಕನ್ನಡದವರ ಪರಿಚಯ ಇತ್ತು. ಒಬ್ಬರ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸುತ್ತಿದ್ದೆ, ಅವರ ಮುಖವನ್ನೇ ನೋಡಿರಲಿಲ್ಲ. ಮೈ ಹುಷಾರಿಲ್ಲದಾಗ ಒಂದು ಡಬ್ಬಿ ಸಾರು ತಂದುಕೊಡುವವರು ಆ ನೂರಾರು ಜನರಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಇಲ್ಲಿನ ಕನ್ನಡದವರನ್ನು ಮುಖಾಮುಖಿ ಸೇರಿಸಲು ಒಂದೂವರೆ ವರ್ಷ ಒಂದಾದ ಮೇಲೊಂದು ದಾರಿ ಹಿಡಿದು ನೋಡಿದೆ. ನಿಮ್ಮೂರಲ್ಲೂ ಯಾರಾದರೂ ಈ ಹುಚ್ಚಿಗೆ ಇಳಿಯುವ ಮೊದಲು ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಫೇಸ್‌ಬುಕ್. ನಾನಿದ್ದ ಗ್ರೂಪಿನಲ್ಲಿ ಸಾವಿರಾರು ಜನ. ಅಡ್ಮಿನ್‌ಗೆ ಕೇಳಿ ಒಂದು ಇವೆಂಟ್ ಹಾಕಿದೆ. ಲೈಕ್ ಬಂತು, ಹಾರ್ಟ್ ಬಂತು, ‘ಒಳ್ಳೆಯ ಕೆಲಸ ಮೇಡಂ’ ಬಂತು. ಆಮೇಲೆ ಕೂತು ಒಬ್ಬೊಬ್ಬರ ಪ್ರೊಫೈಲ್ ತೆಗೆದು ನೋಡಿದಾಗ ಗೊತ್ತಾಯಿತು, ‘ಗೋಯಿಂಗ್’ ಒತ್ತಿದವರಲ್ಲಿ ಒಬ್ಬರು ದುಬೈಯಲ್ಲಿದ್ದಾರೆ, ಆರೇಳು ಜನ ಬೆಂಗಳೂರಿನಲ್ಲಿದ್ದಾರೆ. ಅವರ ಪ್ರಕಾರ ಅದು ಒಂಥರಾ ಶುಭ ಹಾರೈಕೆ. ಇನ್ನು ಕೆಲವರಿಗೆ ನನ್ನ ಪೋಸ್ಟ್ ಕಂಡದ್ದೇ ಮಂಗಳವಾರ. ‘ಯಾವಾಗ? ಎಲ್ಲಿ?’ ಅಂತ ಗುರುವಾರದವರೆಗೂ ಕೇಳುತ್ತಿದ್ದರು.

ಹಾಗಂತ ಫೇಸ್‌ಬುಕ್ ದಂಡ ಅನ್ನಲಾರೆ. ಆ ದಿನ ಬಂದ ಮೂವರಲ್ಲಿ ಕಾಂದಿವಲಿಯ ಕಾಕಾ ಒಬ್ಬರು. ವಿಜಯಪುರದ ಕಡೆಯವರು, ಮುಂಬೈಗೆ ಬಂದು 40 ವರ್ಷದ ಮೇಲಾಗಿದೆ. ಕೈಯಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಕೊಡೆ, ಮಳೆಗಾಲ ಮುಗಿದು ಮೂರು ತಿಂಗಳಾಗಿದ್ದರೂ. ಖಾಲಿ ಕಟ್ಟೆ ನೋಡಿ ನಾನು ಅಳುವ ಹಾಗಿದ್ದೆ. ಅವರು ಡಬ್ಬಿ ಮುಚ್ಚಳ ತೆಗೆದು, ‘ಮಂದಿ ಬರ್ಲಿ ಬಿಡ್ಲಿ, ಅವಲಕ್ಕಿ ಮೆತ್ತಗಾಗ್ತಾವ ತಂಗಿ, ಹಾಕು’ ಅಂದರು. ಇಂಥ ವಯಸ್ಸಿನವರು ಇನ್‌ಸ್ಟಾಗ್ರಾಂನಲ್ಲಿ ಸಿಗುವುದು ಕಡಿಮೆ. ಫೇಸ್‌ಬುಕ್ಕಿನಿಂದ ನನಗೆ ಸಿಕ್ಕಿದ್ದು ಅವರೊಬ್ಬರೇ ಅಂದರೂ ಸರಿ, ಲಾಭವೇ.

ಎರಡನೆಯದು ಇನ್‌ಸ್ಟಾಗ್ರಾಂ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರ ಹೊತ್ತಿಗೆ ‘ಕಬ್ಬನ್ ರೀಡ್ಸ್’ ಶುರುವಾಯಿತಲ್ಲ, ಶನಿವಾರ ಪುಸ್ತಕ ತಂದು ಮರದ ಕೆಳಗೆ ಸುಮ್ನೆ ಕೂತು ಓದುವುದು, ಅದರ ಗಾಳಿ ಇಲ್ಲಿಗೂ ಬೀಸಿ ಜುಹು ಕಡೆ ‘ಜುಹು ರೀಡ್ಸ್’ ಆಯಿತು. ಅಲ್ಲಿ ಭಾಷಣವಿಲ್ಲ, ಫೀ ಇಲ್ಲ, ಹೆಸರು ಬರೆಸುವುದಿಲ್ಲ. ಇದನ್ನೇ ಕನ್ನಡ ಪುಸ್ತಕದ ಜೊತೆ ಮಾಡೋಣ ಅಂತ ಒಂದು ರೀಲ್ ಹಾಕಿದೆ. ಮೊದಲ ಸಲ 11 ಜನ ಬಂದರು! ಎಲ್ಲರೂ ಮೂವತ್ತರ ಒಳಗಿನವರು. ಎರಡನೇ ಸಲ ನಾಲ್ಕೇ ಜನ, ಅದರಲ್ಲಿ ಮೂವರು ಹೊಸಬರು. ಮೊದಲು ಬಂದವರೆಲ್ಲ ಎಲ್ಲಿ ಹೋದರೋ. ಜೋಡಿಯಾಗಿ ಬರುತ್ತಾರೆ, ಪುಸ್ತಕ ಮುಖಕ್ಕೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಅರ್ಧ ಗಂಟೆಗೆ ಹೊರಡುತ್ತಾರೆ. ತಪ್ಪೇನಿಲ್ಲ. ಇನ್‌ಸ್ಟಾ ಸ್ಟೋರಿಯ ಆಯಸ್ಸೇ 24 ಗಂಟೆ, ಅಲ್ಲಿ ಹುಟ್ಟಿದ ಪರಿಚಯವೂ ಹೆಚ್ಚುಕಡಿಮೆ ಅಷ್ಟೇ ಬಾಳಿತು.

ಒಂದು ಕಿರಿಕಿರಿಯೂ ಇತ್ತು. ಪಬ್ಲಿಕ್ ಅಕೌಂಟಿನಲ್ಲಿ ಸಮಯ, ಜಾಗ ಎರಡೂ ಹಾಕಿದರೆ, ಒಂದು ಹೆಂಗಸು ಇಂಥ ಹೊತ್ತಿಗೆ ಇಂಥ ಕಡೆ ಇರುತ್ತಾಳೆ ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಮೂರನೇ ಸಲದಿಂದ ಊರಿನ ಹೆಸರು ಮಾತ್ರ ಹಾಕಿದೆ, ಜಾಗವನ್ನು ಕೇಳಿದವರಿಗೆ ಮಾತ್ರ ಹೇಳಿದೆ. ಬರುವವರು ಇನ್ನೂ ಕಡಿಮೆಯಾದರು. ಆಗಲಿ.

ಆದರೆ ಇನ್‌ಸ್ಟಾದಿಂದ ಬಂದ ಒಬ್ಬ ಹುಡುಗಿ ಉಳಿದುಕೊಂಡಳು. ಘಾಟ್‌ಕೋಪರ್‌ನಲ್ಲೇ ಹುಟ್ಟಿ ಬೆಳೆದವಳು, ಅಜ್ಜಿ ಕುಂದಾಪುರದವರು. ‘ಎಂತ ಓದುದು ಅಕ್ಕ, ನಂಗೆ ಅಕ್ಷರ ಬತ್ತಿಲ್ಲೆ’ ಅಂತ ಅಚ್ಚ ಕುಂದಾಪ್ರ ಕನ್ನಡದಲ್ಲಿ ಹೇಳಿದಳು. ಕೈಯಲ್ಲಿದ್ದದ್ದು ಮರಾಠಿ ಪುಸ್ತಕ. ಮುಂಬೈಯಲ್ಲಿ ಹೀಗೆ ಬಾಯಲ್ಲಿ ಕನ್ನಡ ಇದ್ದು ಕಣ್ಣಿಗೆ ಕನ್ನಡ ಇಲ್ಲದವರು ತುಂಬಾ ಇದ್ದಾರೆ. ‘ಪುಸ್ತಕ ತನ್ನಿ’ ಅಂತ ನಾನು ಹಾಕಿದ ಷರತ್ತು ಇಂಥವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿತ್ತು. ಅದು ನನಗೆ ಹೊಳೆದೇ ಇರಲಿಲ್ಲ.

ನಡುವೆ ಮೀಟಪ್ ಆ್ಯಪ್ ಕೂಡ ನೋಡಿದೆ. 2002ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು, ಇದೇ ಕೆಲಸಕ್ಕೆಂದೇ ಹುಟ್ಟಿದ್ದು. ಅಲ್ಲಿ ಗ್ರೂಪ್ ನಡೆಸುವವರು ದುಡ್ಡು ಕಟ್ಟಬೇಕು. ಕಟ್ಟಿದೆ. ಬಂದವರಿಬ್ಬರೂ ಪೊವಾಯಿಯ ಸಾಫ್ಟ್‌ವೇರ್‌ನವರು, ಪಾಪ, ಕನ್ನಡ ಕಲಿಯುವ ಕ್ಲಾಸ್ ಅಂದುಕೊಂಡಿದ್ದರು. ಟೆಲಿಗ್ರಾಂ ಬಗ್ಗೆ ಒಂದೇ ಮಾತು: ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಇರಬಹುದು, ಎರಡು ಲಕ್ಷ ಜನರವರೆಗೆ ಸೇರಿಸಬಹುದು. ನಮ್ಮಲ್ಲಿ ಸೇರಿದ್ದು 17, ತೆರೆದು ನೋಡುತ್ತಿದ್ದದ್ದು ನಾನು.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ವಾಟ್ಸಾಪ್‌ಗೇ. ನಾನೂ ನಿಂತೆ. ಕಾಕಾ, ಘಾಟ್‌ಕೋಪರ್ ಹುಡುಗಿ, ಪಕ್ಕದ ಬಿಲ್ಡಿಂಗಿನವಳು, ಹೀಗೆ ಒಂಬತ್ತು ಜನರ ಗ್ರೂಪ್. ಮೊದಲ ಎರಡು ಭೇಟಿಗೆ ಏಳು, ಎಂಟು ಜನ ಬಂದರು. ನನಗೆ ಗರ್ವ ಬಂತು. ಲಿಂಕ್ ಹಂಚಿದೆ. ಎರಡು ತಿಂಗಳಲ್ಲಿ 160 ಆಯಿತು. ಅಲ್ಲಿಂದ ಶನಿ ಹಿಡಿಯಿತು ನೋಡಿ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಏಳಕ್ಕೆ ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ, ರಾತ್ರಿ ರಾಜಕೀಯ. ಇಬ್ಬರು ಜಗಳವಾಡಿ ಹೊರಗೆ ಹೋದರು, ಉಳಿದವರು ಮ್ಯೂಟ್ ಮಾಡಿದರು. ಮುಂದಿನ ಭೇಟಿ ಯಾವಾಗ ಅಂತ ಹಾಕಿದ ಪೋಲ್ ಆ ಹೂವಿನ ರಾಶಿಯ ಕೆಳಗೆ ಹೂತುಹೋಯಿತು. 160 ಜನರ ಗ್ರೂಪಿನಿಂದ ಬಂದವರು ಐದು ಜನ. ಒಂಬತ್ತು ಇದ್ದಾಗ ಎಂಟು!

ಇನ್ನೊಂದು ವಿಷಯ. ಗ್ರೂಪಿಗೆ ಸೇರಿದ ಕೂಡಲೇ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಮೀರಾ ರೋಡಿನ ಅಕ್ಕ ಒಬ್ಬರಿಗೆ ಗುರುತಿಲ್ಲದ ಮೆಂಬರ್ ಒಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವರು ಮರುದಿನವೇ ಎಕ್ಸಿಟ್. ಹೇಳಿ ಹೋಗಲೂ ಇಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಆ ಮನುಷ್ಯನನ್ನು ಲಿಂಕ್ ಕೊಟ್ಟು ಸೇರಿಸಿದವಳು ನಾನೇ. ವಾಟ್ಸಾಪ್ ಗ್ರೂಪಿಗೆ 1024 ಜನರನ್ನು ಸೇರಿಸಬಹುದು ಅಂತ ಇದೆ. ಸೇರಿಸಬೇಡಿ.

ಆ ಗ್ರೂಪನ್ನು ಬಿಟ್ಟು ಇನ್ನೊಂದು ಮಾಡಿದೆ. 22 ಜನ, ಮುಖತಃ ಒಮ್ಮೆಯಾದರೂ ಭೇಟಿಯಾದವರು ಮಾತ್ರ. ಮೀರಾ ರೋಡಿನ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಅವರೂ ಬಂದರು. ಫಾರ್ವರ್ಡ್ ಇಲ್ಲ. ತಿಂಗಳ ಎರಡನೇ ಭಾನುವಾರ, ತಪ್ಪದೆ. ಇಷ್ಟು ಮಾಡಿದರೂ ಅರ್ಧ ಜನ ಬರುತ್ತಿದ್ದರು. ದಾರಿ ತೋರಿಸಿದ್ದು ಕಾಕಾ. ಒಂದು ಶನಿವಾರ ಅವರು ಗ್ರೂಪಿನಲ್ಲಿ ಬರೆದರು: ‘ನಾ ಚುರುಮುರಿ ತರ್ತೀನಿ. ಉಳ್ಳಾಗಡ್ಡಿ ಯಾರು ತರ್ತೀರಿ?’ ಒಬ್ಬರು ಉಳ್ಳಾಗಡ್ಡಿ ಅಂದರು, ಒಬ್ಬರು ಕೊತ್ತಂಬರಿ, ಐರೋಲಿಯ ಹುಡುಗ ನಿಂಬೆಹಣ್ಣು. ಆ ಭಾನುವಾರ 15 ಜನ! ‘ಬರ್ತೀನಿ’ ಅಂದವನು ತಪ್ಪಿಸಬಹುದು. ‘ಉಳ್ಳಾಗಡ್ಡಿ ತರ್ತೀನಿ’ ಅಂದವನಿಗೆ ತಪ್ಪಿಸಲು ಮುಖವಿಲ್ಲ, 14 ಜನ ಸಪ್ಪೆ ಚುರುಮುರಿ ತಿನ್ನಬೇಕಾಗುತ್ತದೆ. ನಾನು ಒಬ್ಬಳೇ ಡಬ್ಬಿ ತುಂಬ ಅವಲಕ್ಕಿ ಹಚ್ಚಿಕೊಂಡು ಹೋಗಿದ್ದೇ ಮೊದಲ ತಪ್ಪು ಅಂತ ಆಗ ತಿಳಿಯಿತು.

ಇನ್ನು ಜಾಗ. ಇದರಲ್ಲೂ ಪೈಪೋಟಿಯೇ. ಮಾಟುಂಗಾದಲ್ಲಿ ನಮ್ಮವರ ಹೋಟೆಲುಗಳು ಹಳೆಯವು, ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಬಾಳೆಲೆ ಊಟಕ್ಕೆ ಸರಿ, ಹರಟೆಗೆ ಹೋಟೆಲ್ ಸರಿಯಲ್ಲ. ಇನ್ನೊಂದು ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಎಂಟು ಜನ ಹೋದೆವು. ಮುಕ್ಕಾಲು ಗಂಟೆ ಹೊರಗೆ ನಿಂತೆವು, ಮೂರು ಟೇಬಲಿಗೆ ಹಂಚಿಹೋದೆವು. ಕಾಫಿ ಮುಗಿಯುವ ಮೊದಲೇ ನಮ್ಮ ಕುರ್ಚಿಗೆ ಕಾಯುವವರು ಬೆನ್ನ ಹಿಂದೆ ನಿಂತಿದ್ದರು. ಅವರ ತಪ್ಪಲ್ಲ, ನಾವೂ ಹಾಗೆಯೇ ನಿಂತಿದ್ದೆವಲ್ಲ.

ಹಾಲ್ ಹಿಡಿದರೆ ಮೈಕ್ ಬರುತ್ತದೆ, ಮೈಕ್ ಬಂದರೆ ಅಧ್ಯಕ್ಷರು ಬರುತ್ತಾರೆ. ಸಂಘಗಳ ಬಗ್ಗೆ ಹಗುರವಾಗಿ ಮಾತಾಡುತ್ತಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮೆಸೇಜು, ಲೊಕೇಶನ್ ಏನೂ ಇಲ್ಲದ ಕಾಲದಲ್ಲಿ ಜನ ಸೇರಿಸಿದವರು. ನಾಟಕ, ಉಪನ್ಯಾಸಕ್ಕೆ ಅಂಥ ಜಾಗ ಬೇಕೇ ಬೇಕು. ನಮ್ಮ ಚುರುಮುರಿಗೆ ಬೇಡ.

ಮನೆ ಎಲ್ಲಕ್ಕಿಂತ ಚೆಂದ. ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ 12 ಜನ ನೆಲದ ಮೇಲೆ ಕೂತು ಸಂಜೆ ಕಳೆದದ್ದೇ ಗೊತ್ತಾಗಲಿಲ್ಲ. ಆದರೆ ಡೊಂಬಿವಲಿಗೆ ಕಾಂದಿವಲಿಯಿಂದ ಬರುವುದು ಅಂದರೆ ಪರವೂರಿಗೆ ಹೋದ ಹಾಗೆ. ಮಳೆಗಾಲದ ನಾಲ್ಕು ತಿಂಗಳು ಮನೆ, ಉಳಿದಂತೆ ಗಾರ್ಡನ್ ಹೊರಗಿನ ಕಟ್ಟೆ ಅಂತ ಮಾಡಿಕೊಂಡಿದ್ದೇವೆ.

ಮಾಟುಂಗಾ ಯಾಕೆ ಅಂತ ಕೇಳಿದರೆ ಉತ್ತರ ಟ್ರೇನಿನಲ್ಲಿದೆ. ಲೋಕಲ್ ಟ್ರೇನಿನ ಸೆಂಟ್ರಲ್ ಲೈನಿನವರು ಮಾಟುಂಗಾದಲ್ಲಿ, ವೆಸ್ಟರ್ನ್ ಲೈನಿನವರು ಮಾಟುಂಗಾ ರೋಡಿನಲ್ಲಿ ಇಳಿದು ನಡೆದು ಬರಬಹುದು, ಹಾರ್ಬರ್ ಲೈನಿನವರಿಗೆ ಕಿಂಗ್ಸ್ ಸರ್ಕಲ್ ಇದೆ. (ಸೆಂಟ್ರಲ್‌ನ ಮಾಟುಂಗಾ ಸ್ಟೇಷನ್ನು 2017ರಿಂದ ಪೂರ್ತಿ ಹೆಂಗಸರೇ ನಡೆಸುವ ಸ್ಟೇಷನ್. ಅಲ್ಲಿ ಇಳಿದಾಗಲೆಲ್ಲ ನನಗೊಂದು ಖುಷಿ.) ಆದರೆ ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಸಾಲದ್ದಕ್ಕೆ ಭಾನುವಾರದ ಮೆಗಾ ಬ್ಲಾಕ್. ರಿಪೇರಿಗೆಂದು ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ ಲೈನ್ ಮುಚ್ಚಿದರೆ ಮಧ್ಯಾಹ್ನದವರೆಗೆ ಸ್ಲೋ ಗಾಡಿ ಫಾಸ್ಟ್ ಹಳಿಯಲ್ಲಿ ಓಡುತ್ತದೆ, ಎಲ್ಲ ತಡ. ನನ್ನ ಆ ಜನವರಿ ಭೇಟಿಯ ಹತ್ತೂವರೆ ಅನ್ನುವ ಸಮಯವನ್ನು ಯಾರೋ ಮುಂಬೈ ಗೊತ್ತಿಲ್ಲದವರು ಇಟ್ಟ ಹಾಗಿತ್ತು. ಈಗ ಎಂಟೂವರೆಗೆ ಸೇರುತ್ತೇವೆ, ಹತ್ತೂಕಾಲಿಗೆ ಏಳುತ್ತೇವೆ. ಹೊರಡುವ ಹೊತ್ತು ಮೊದಲೇ ಗೊತ್ತಿದ್ದರೆ ಜನ ಬರಲು ಹೆದರುವುದಿಲ್ಲ ಅನ್ನುವುದೂ ಇದರಿಂದಲೇ ಕಲಿತದ್ದು.

ಈಗ ನನ್ನ ಪದ್ಧತಿ ಹೀಗಿದೆ: ಹಿರಿಯರಿಗಾಗಿ ಫೇಸ್‌ಬುಕ್‌ನಲ್ಲಿ, ಹುಡುಗರಿಗಾಗಿ ಇನ್‌ಸ್ಟಾದಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಪೋಸ್ಟ್. ಬಂದವರನ್ನು ಕಟ್ಟೆಯ ಮೇಲೆ ನೋಡಿ, ಮಾತಾಡಿಸಿ, ಆಮೇಲೆ ವಾಟ್ಸಾಪ್. ಗ್ರೂಪ್ 30 ದಾಟಿದರೆ ವೆಸ್ಟರ್ನ್ ಲೈನಿನವರು ಬೇರೆ ಮಾಡಿಕೊಳ್ಳಲಿ ಅಂತ ಹೇಳಿದ್ದೇನೆ. ಕಾಕಾಗೆ ಅದು ಒಪ್ಪಿಗೆಯಿಲ್ಲ. ‘ಕಾಂದಿವಲಿಯಾಗ ಇಂಥಾ ಕಟ್ಟಿ ಎಲ್ಲೈತಿ?’ ಅನ್ನುತ್ತಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಹೋದ ತಿಂಗಳು ಕಾಕಾ ಚುರುಮುರಿಯನ್ನು ಹಳೇ ಕನ್ನಡ ಪೇಪರಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ತಿಂದ ಮೇಲೆ ಘಾಟ್‌ಕೋಪರ್ ಹುಡುಗಿ ಆ ಎಣ್ಣೆ ಹತ್ತಿದ ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು, ಬೆರಳಿಟ್ಟು, ‘ಮ... ಳೆ... ಮಳೆ’ ಅಂತ ಓದಿದಳು. ಒತ್ತಕ್ಷರ ಬಂದ ಕಡೆ ನಿಂತಳು. ಐರೋಲಿಯ ಹುಡುಗ ಹೇಳಿಕೊಡಲು ಹೋದ, ‘ಸುಮ್ನಿರು ಮಾರಾಯ, ನಾನೇ ಓದ್ತೆ’ ಅಂದಳು. ಹತ್ತೂಕಾಲು ಆಗಿತ್ತು. ಅವತ್ತು ಯಾರೂ ಗಡಿಯಾರ ನೋಡಲಿಲ್ಲ, ಬ್ಲಾಕಿನಲ್ಲಿ ಸಿಕ್ಕಿಕೊಂಡು ನಾನು ಮನೆ ಮುಟ್ಟುವಾಗ ಒಂದೂವರೆ.