ದನದ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ

ಮನೆಯಲ್ಲಿ ಕೋಳಿ, ನಾಯಿ, ಬೆಕ್ಕು ಮೂರನ್ನೂ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಐದು ಹೇಂಟೆ ಸತ್ತವು. ಏಳು ವರ್ಷ ಜೊತೆಗಿದ್ದ ಬೆಕ್ಕು ಚಿನ್ನಿಯೂ ಸತ್ತಿತು. ಕೋಳಿಗಳು ಉಣ್ಣೆಯಿಂದ, ಅಂದರೆ ರಕ್ತ ಕುಡಿಯುವ ಉಣುಗಿನಿಂದ ಸತ್ತವು. ಚಿನ್ನಿ ನನ್ನ ಕೈಯಿಂದ ಸತ್ತಿತು.

ನಮ್ಮದು ಹಿರಿಯೂರು ಕಡೆಯ ಹಳ್ಳಿ. ಹಳೇ ಮಣ್ಣಿನ ಗೋಡೆಗೆ ಒತ್ತಿ ಕಟ್ಟಿದ ಕೋಳಿ ಗೂಡು, ಒಳಗೆ ಕೂರಲು ಜಾಲಿ ಕಟ್ಟಿಗೆ. ಹದಿನೆಂಟು ನಾಟಿ ಕೋಳಿ ಇದ್ದವು. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಅವು ಸಂಜೆ ಗೂಡಿಗೆ ಹೋಗುವುದನ್ನೇ ಬಿಟ್ಟವು. ಎಷ್ಟು ಓಡಿಸಿದರೂ ನುಗ್ಗೆ ಮರ ಹತ್ತುತ್ತಿದ್ದವು. ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಎದ್ದು ಹೋಯಿತು. ಅವ್ವ ಆಗಲೇ ಹೇಳಿದಳು, “ಗೂಡಿನೊಳಗೆ ಏನೋ ಐತೆ ಕಣಪ್ಪ, ಸುಮ್ನೆ ಅವು ಹಿಂಗೆ ಮಾಡಲ್ಲ.” ನಾನು ಹಗಲು ಹೊತ್ತಿನಲ್ಲಿ ಎರಡು ಕೋಳಿ ಹಿಡಿದು ಗರಿ ಸರಿಸಿ ನೋಡಿದೆ. ರೆಕ್ಕೆಯ ಕೆಳಗೆ ರಾಗಿ ಕಾಳಿನಷ್ಟು ಕಪ್ಪು ಚುಕ್ಕಿಗಳು ಕಂಡವು. ಹೇನು ಅಂದುಕೊಂಡು ಬೂದಿ ಉಜ್ಜಿ ಬಿಟ್ಟೆ.

ಅವು ಉಣ್ಣೆಯ ಮರಿಗಳು. ಮರಿಗಳು ಮಾತ್ರ ಐದರಿಂದ ಹತ್ತು ದಿನ ಕೋಳಿಯ ಮೈಗೆ ಅಂಟಿಕೊಂಡಿರುತ್ತವೆ. ದೊಡ್ಡ ಉಣ್ಣೆ ಹಗಲಲ್ಲಿ ಮೈಮೇಲೆ ಸಿಗುವುದೇ ಇಲ್ಲ. ಗೋಡೆಯ ಬಿರುಕಲ್ಲಿ, ಕಟ್ಟಿಗೆಯ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಬಂದು ಅರ್ಧ ಮುಕ್ಕಾಲು ಗಂಟೆ ರಕ್ತ ಕುಡಿದು ವಾಪಸ್ ಹೋಗುತ್ತದೆ. ಇದು ನನಗೆ ಗೊತ್ತಾಗುವಷ್ಟರಲ್ಲಿ ಕೋಳಿಗಳ ಜುಟ್ಟು ಬಿಳಿಚಿಕೊಂಡಿತ್ತು. ಹಸಿರು ಹಿಕ್ಕೆ, ಕಾಲಲ್ಲಿ ಬಲ ಇಲ್ಲ. ಕೊಕ್ಕರೆ ರೋಗ (ರಾಣಿಖೇತ್) ಎಂದುಕೊಂಡೆವು. ಮೂರು ಸತ್ತ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಗೂಡಿಗೆ ಹೋದೆ. ಕಲ್ಲಂಗಡಿ ಬೀಜದಂಥ ಚಪ್ಪಟೆ ಹುಳುಗಳು ಗೋಡೆಯಿಂದ ಇಳಿದು ಕಟ್ಟಿಗೆಯ ಮೇಲೆ ಸಾಲು ಹಿಡಿದಿದ್ದವು. ಆ ದೃಶ್ಯ ಇನ್ನೂ ಕಣ್ಣಲ್ಲಿದೆ.

ಅದೇ ವಾರ ನಮ್ಮ ನಾಯಿ ಕರಿಯನ ಕಿವಿ ತುಂಬ ಉಣ್ಣೆ ಇತ್ತು. ಎಲ್ಲ ಕೋಳಿಯಿಂದಲೇ ಬಂದಿದ್ದು ಎಂದು ಗಾಬರಿಯಾಗಿ ಪೇಟೆಯ ಗೊಬ್ಬರದಂಗಡಿಗೆ ಹೋದೆ. ಅಂಗಡಿಯವರು ದನದ ಉಣ್ಣೆಗೆ ಹಾಕುವ ಸೈಪರ್‌ಮೆಥ್ರಿನ್ ಬಾಟಲಿ ಕೊಟ್ಟರು. “ಅಣ್ಣ, ಇದೊಂದೇ ಸಾಕು, ಕೋಳಿ ನಾಯಿ ಎಲ್ಲಕ್ಕೂ ನಡೆಯುತ್ತೆ” ಎಂದರು. ಬಾಟಲಿಯ ಮೇಲೆ ಬರೆದಿದ್ದನ್ನು ನಾನು ಓದಲಿಲ್ಲ. ಬೇಗ ಹೋಗಲಿ ಎಂದು ಎರಡು ಮುಚ್ಚಳ ಜಾಸ್ತಿಯೇ ನೀರಿಗೆ ಬೆರೆಸಿದೆ. ಕೋಳಿಗಳಿಗೆ ಹೊಡೆದೆ, ಕರಿಯನಿಗೆ ಹೊಡೆದೆ. ಬಕೆಟ್ಟಿನಲ್ಲಿ ಸ್ವಲ್ಪ ಉಳಿದಿತ್ತು. ಚಿನ್ನಿಯನ್ನು ಹಿಡಿದು ಬೆನ್ನಿಗೆ ಹಚ್ಚಿದೆ. ಅದರ ಮೈಯಲ್ಲಿ ಒಂದು ಉಣ್ಣೆಯೂ ಇರಲಿಲ್ಲ. ಇರಲಿ, ಮುಂಜಾಗ್ರತೆಗೆ ಎಂದು ಹಚ್ಚಿದ್ದು.

ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ ಅಲ್ವಾ. ಚಿನ್ನಿಯೂ ನೆಕ್ಕಿಕೊಂಡಿತು. ರಾತ್ರಿ ಒಂಬತ್ತಕ್ಕೆ ಜೊಲ್ಲು ಸುರಿಯಿತು. ಕಿವಿ ಅದುರತೊಡಗಿತು, ಆಮೇಲೆ ಇಡೀ ಮೈ ನಡುಗಿತು. ವಿಷಕ್ಕೆ ಹಾಲು ಒಳ್ಳೆಯದು ಎಂದು ಹಾಲು ಹಾಕಿದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದರಾಯಿತು ಎಂದು ಗೋಣಿಚೀಲದ ಮೇಲೆ ಮಲಗಿಸಿದೆ. ನಾಲ್ಕು ಗಂಟೆಗೆ ಫಿಟ್ಸ್ ಬಂತು. ಬೆಳಕು ಹರಿದ ಮೇಲೆ ಬೈಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವಾಗಲೇ ಉಸಿರು ನಿಂತಿತು.

ಪಶುವೈದ್ಯರು ಬೈಯಲಿಲ್ಲ, ನಿಧಾನವಾಗಿ ತಿಳಿಸಿ ಹೇಳಿದರು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಔಷಧಿಯನ್ನು ಬೆಕ್ಕಿನ ಪಿತ್ತಜನಕಾಂಗ ಬೇಗ ಕರಗಿಸಲಾರದು. ನಾಯಿ ತಡೆಯುವುದನ್ನು ಬೆಕ್ಕು ತಡೆಯುವುದಿಲ್ಲ. ನಾಯಿಗೆ ಹಚ್ಚಿದ ಔಷಧಿ ಒಣಗುವ ಮೊದಲು ಬೆಕ್ಕು ಅದಕ್ಕೆ ಮೈ ಉಜ್ಜಿದರೂ ಅಪಾಯವಂತೆ. ಹೆಸರಿನ ಕೊನೆಯಲ್ಲಿ ‘ಥ್ರಿನ್’ ಅಂತಿದ್ದರೆ ಬೆಕ್ಕಿನ ಹತ್ತಿರವೂ ಒಯ್ಯಬೇಡಿ. ಅಮಿಟ್ರಾಜ್ ಎಂಬ ಉಣ್ಣೆ ಔಷಧಿ ಕೂಡ ಬೆಕ್ಕಿಗೆ ಆಗುವುದಿಲ್ಲ. ಅಕಸ್ಮಾತ್ ಬಿದ್ದರೆ ಕೂಡಲೇ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒರೆಸಿ, ಬಟ್ಟೆ ಸುತ್ತಿ ಬೆಚ್ಚಗಿಟ್ಟು ಡಾಕ್ಟರ ಹತ್ತಿರ ಓಡಬೇಕು. ಹಾಲು ಮದ್ದಲ್ಲ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ನಾನು ಕಳೆದ ಆ ಎಂಟು ಗಂಟೆ ನೀವು ಕಳೆಯಬೇಡಿ.

ಇಷ್ಟಾದರೂ ಕೋಳಿಗಳಿಗೆ ಏನಾದರೂ ಉಪಯೋಗವಾಯಿತಾ ಎಂದರೆ ಇಲ್ಲ. ನಾಲ್ಕೇ ದಿನಕ್ಕೆ ಮತ್ತೆ ಉಣ್ಣೆ. ಗೋಡೆಯಲ್ಲಿರುವುದಕ್ಕೆ ಕೋಳಿಯ ಮೈಗೆ ಹೊಡೆದರೆ ಏನು ಫಲ? ಮತ್ತೆರಡು ಹೇಂಟೆ ಹೋದವು. ಔಷಧಿ ಬಿದ್ದ ಕೋಳಿಗಳ ಮೊಟ್ಟೆಯನ್ನು ಡಾಕ್ಟರ್ ಹೇಳುವವರೆಗೂ ಮುಟ್ಟಲಿಲ್ಲ, ಯಾರಿಗೂ ಕೊಡಲಿಲ್ಲ. ಗೂಡನ್ನು ಮೂರು ತಿಂಗಳು ಖಾಲಿ ಬಿಡು, ತಾನೇ ಸಾಯುತ್ತವೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಈ ಉಣ್ಣೆ ರಕ್ತ ಇಲ್ಲದೆ 2 ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಕೊನೆಗೆ ಗೂಡನ್ನೇ ಕಿತ್ತೆ. ಕಟ್ಟಿಗೆ ಸುಟ್ಟೆ. ಗೋಡೆಯಿಂದ ಎರಡು ಅಡಿ ದೂರಕ್ಕೆ ಹೊಸ ಗೂಡು ಕಟ್ಟಿ ಕಬ್ಬಿಣದ ಪೈಪು ಹಾಕಿದೆ. ಪೈಪಿನ ಕಾಲುಗಳನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದೆ. ಹಳೇ ಗೋಡೆಯ ಬಿರುಕಿಗೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಔಷಧಿ ಹೊಡೆದು, ಎರಡು ವಾರ ಬಿಟ್ಟು ಮತ್ತೆ ಹೊಡೆದು, ಆಮೇಲೆ ಸಿಮೆಂಟು ಮೆತ್ತಿ ಸುಣ್ಣ ಬಳಿದೆ.

ಕರಿಯನ ಉಣ್ಣೆ ಬೇರೆ ಜಾತಿಯದು, ಕೋಳಿಯಿಂದ ಬಂದಿದ್ದಲ್ಲ. ಅದಕ್ಕೂ ಗೋಡೆಯ ಸಂದಿಯೇ ಮನೆ. ರಕ್ತ ಕುಡಿದು ಊದಿದ ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಕರಿಯನಿಗೆ ಜ್ವರ ಬಂದು ಒಸಡು ಬಿಳಿಚಿ, ಮೂಗಲ್ಲಿ ರಕ್ತ ಬಂದಾಗ ಈ ಸಲ ಒಂದು ಗಂಟೆಯೂ ಕಾಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಜ್ವರ ಗೊತ್ತಾಯಿತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟೆವು, ಉಳಿಯಿತು. ಮೈಗೆ ಕಚ್ಚಿದ ಉಣ್ಣೆ ತೆಗೆಯಲು ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ಮುಟ್ಟಿಸುವುದು, ಉಗುರಲ್ಲಿ ಕುಕ್ಕುವುದು ಬೇಡ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ.

ಸಾಗರದಲ್ಲಿರುವ ಅತ್ತಿಗೆ ಫೋನ್ ಮಾಡಿ, ಇದರಿಂದ ಮಂಗನ ಕಾಯಿಲೆ ಬರುತ್ತಾ ಎಂದು ಹೆದರಿ ಕೇಳಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಕಂಡ ಆ ಕಾಯಿಲೆಯನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು. ಮಲೆನಾಡಿನವರು ಕಾಡಿಗೆ ಹೋಗಿ ಬಂದ ದನ, ನಾಯಿಯ ಮೈ ನೋಡಲೇಬೇಕು. ನಮ್ಮ ಗೂಡಿನದು ಆ ಜಾತಿಯಲ್ಲ.

ಪಶು ಆಂಬುಲೆನ್ಸ್ ಸೇವೆಯಾದ ಪಶು ಸಂಜೀವಿನಿಯ 1962 ನಂಬರನ್ನು ಈಗ ಅಡುಗೆಮನೆ ಬಾಗಿಲ ಮೇಲೆ ಬರೆದಿದ್ದೇನೆ. ಉಳಿದ ಹದಿಮೂರು ಕೋಳಿಗಳು ಹೊತ್ತು ಮುಳುಗುವ ಮೊದಲೇ ತಾವಾಗಿ ಗೂಡು ಸೇರುತ್ತವೆ. ವಾರಕ್ಕೊಮ್ಮೆ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋಗುತ್ತೇನೆ. ಹೋದ ವಾರ ಎಣ್ಣೆ ಡಬ್ಬಿಯಲ್ಲಿ ಎರಡು ಬಿದ್ದಿದ್ದವು.