37 ಇಂಚೆಂದು ಹೇಳಿ 35 ಇಂಚಿನ ಮಲ್ಟಿಸ್ಕೇಲ್ ಬೇಸ್ ಕಳಿಸಿದರು: ಮುಂಗಡ ಕೊಡುವ ಮೊದಲು ಓದಿ

ಶ್ರುತಿಯನ್ನು ಎಂದಿಗಿಂತ ಕೆಳಗಿಳಿಸಿ ನುಡಿಸಲೆಂದು ಮಲ್ಟಿಸ್ಕೇಲ್, ಅಂದರೆ ಒಂದೊಂದು ತಂತಿಗೂ ಒಂದೊಂದು ಉದ್ದವಿರುವ, ಬೇಸ್ ಗಿಟಾರ್ ಕೊಳ್ಳಲು ಹೊರಟಿರುವವರು ಮುಂಗಡ ಹಣ ಕಳಿಸುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಜಾಹೀರಾತಿನಲ್ಲಿ 37–34 ಇಂಚು (ಅತಿ ದಪ್ಪ ತಂತಿಯ ಕಂಪಿಸುವ ಉದ್ದ 37, ಅತಿ ಸಣ್ಣದರದ್ದು 34), ವಾಟ್ಸ್ಆಪ್ ಸಂದೇಶದಲ್ಲಿ 37–34 ಇಂಚು, ಬಿಲ್ಲಿನಲ್ಲಿಯೂ 37–34 ಇಂಚು ಎಂದು ಬರೆದುಕೊಟ್ಟು ನನಗೆ ಕಳಿಸಿದ್ದು 35–33 ಇಂಚಿನ ವಾದ್ಯ. ಎರಡು ಇಂಚು ತಾನೇ ಎಂದು ನಗುವವರಿದ್ದಾರೆ, ಮಾರಿದವರೂ ಹಾಗೆಯೇ ನಕ್ಕರು. ಆ ಎರಡು ಇಂಚಿಗಾಗಿಯೇ ನಾನು 85,000 ರೂಪಾಯಿ ಕೊಟ್ಟದ್ದು. ಅದು ಬೇಡವಾಗಿದ್ದರೆ ಸಾಮಾನ್ಯ 34 ಇಂಚಿನ ಐದು ತಂತಿಯ ಬೇಸನ್ನು ಇದಕ್ಕಿಂತ ಬಹಳ ಕಡಿಮೆ ಬೆಲೆಗೆ, ವಾರಂಟಿಯೊಂದಿಗೆ, ಅಂಗಡಿಯಲ್ಲಿ ಕೂತು ನುಡಿಸಿ ನೋಡಿಯೇ ತರುತ್ತಿದ್ದೆ.

ನಮ್ಮದು ಬೆಂಗಳೂರಿನ ಒಂದು ಮೆಟಲ್ ಬ್ಯಾಂಡ್. ಗಿಟಾರ್‌ನವರಿಬ್ಬರೂ ಏಳು ತಂತಿಯ ಗಿಟಾರನ್ನು ಡ್ರಾಪ್ ಜಿ ಶಾರ್ಪ್‌ಗೆ ಇಳಿಸಿ ನುಡಿಸುತ್ತಾರೆ, ಅಂದರೆ ಅವರ ದಪ್ಪ ತಂತಿ ಜಿ ಶಾರ್ಪ್ ಸ್ವರಕ್ಕೆ ಇಳಿದು ಸುಮಾರು 52 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ನಾನು ಅವರಿಗಿಂತ ಒಂದು ಸಪ್ತಕ ಕೆಳಗಿರಬೇಕಾದರೆ ನನ್ನ ದಪ್ಪ ತಂತಿ 26 ಹರ್ಟ್ಸ್‌ಗೆ ಇಳಿಯಬೇಕು. ಪಿಯಾನೋದ ಎಡತುದಿಯ ಕಟ್ಟಕಡೆಯ ಮನೆಯೇ 27.5 ಹರ್ಟ್ಸ್, ನಮಗೆ ಬೇಕಾದದ್ದು ಅದಕ್ಕಿಂತಲೂ ಅರ್ಧ ಸ್ವರ ಕೆಳಗೆ. 1951ರಲ್ಲಿ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದಾಗ ಅದರ 34 ಇಂಚಿನ ಸ್ಕೇಲ್ (ತಂತಿಯ ಕಂಪಿಸುವ ಉದ್ದ) ನಾಲ್ಕು ತಂತಿಗೆ, 41 ಹರ್ಟ್ಸ್‌ನ ಇ ಸ್ವರಕ್ಕೆ ಸಾಕಾಗಿತ್ತು. ಐದನೆಯ ತಂತಿಯನ್ನು ಸೇರಿಸಿ ಬಿ ಸ್ವರಕ್ಕೆ, ಅಂದರೆ 31 ಹರ್ಟ್ಸ್‌ಗೆ ಬಂದಾಗಲೇ ಅದು ಸ್ವಲ್ಪ ಸಡಿಲವೆನಿಸುತ್ತದೆ. ಅಲ್ಲಿಂದಲೂ ಮೂರು ಅರ್ಧ ಸ್ವರ ಇಳಿಸಿದರೆ ತಂತಿ ಫ್ರೆಟ್‌ಗಳಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ಬಡಿದು ಗಲಗಲ ಎನ್ನುತ್ತದೆ, ಜೋರಾಗಿ ಮೀಟಿದರೆ ಮೊದಲ ಕ್ಷಣ ಶ್ರುತಿ ಮೇಲೇರಿ ಆಮೇಲೆ ಕೆಳಗಿಳಿಯುತ್ತದೆ, ಡ್ರಮ್‌ನ ಜೊತೆ ಕೇಳಿದರೆ ಸ್ವರವೇ ಗುರುತು ಸಿಗುವುದಿಲ್ಲ.

ಉದ್ದ ಏಕೆ ಮುಖ್ಯವೆಂಬುದಕ್ಕೆ ಲೆಕ್ಕವನ್ನೇ ಕೊಡುತ್ತೇನೆ, ಏಕೆಂದರೆ ಆ ವ್ಯಾಪಾರಿ ನನಗೆ "ಲೆಕ್ಕ ಬಿಡಿ" ಎಂದದ್ದು ಇನ್ನೂ ಕಿವಿಯಲ್ಲಿದೆ. ಅದೇ ತಂತಿ, ಅದೇ ಸ್ವರವಾದರೆ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 34 ಇಂಚಿನಿಂದ 37ಕ್ಕೆ ಹೋದರೆ ಬಿಗಿತ ಶೇಕಡಾ 18ರಷ್ಟು ಹೆಚ್ಚುತ್ತದೆ, 35ಕ್ಕೆ ಹೋದರೆ ಹೆಚ್ಚುವುದು ಶೇಕಡಾ 6 ಮಾತ್ರ. 130 ಗೇಜ್‌ನ, ಅಂದರೆ 0.130 ಇಂಚು ದಪ್ಪದ, ಸಾಮಾನ್ಯ ತಂತಿಯೊಂದು 34 ಇಂಚಿನಲ್ಲಿ ಬಿ ಸ್ವರಕ್ಕೆ ಸುಮಾರು 34 ಪೌಂಡ್ ಬಿಗಿತದಲ್ಲಿರುತ್ತದೆ. ಅದನ್ನೇ ಜಿ ಶಾರ್ಪ್‌ಗೆ ಇಳಿಸಿದರೆ 24 ಪೌಂಡ್ ಆಸುಪಾಸಿಗೆ ಬೀಳುತ್ತದೆ. ಹಳೆಯ ಬಿಗಿತವೇ ಮರಳಿ ಬೇಕೆಂದರೆ 37 ಇಂಚಿನ ಬೇಸ್‌ಗೆ 142ರ ಸುತ್ತಿನ ಗೇಜ್ ಸಾಕು, 35 ಇಂಚಿನದಕ್ಕೆ 150 ಬೇಕು. ತಂತಿ ದಪ್ಪವಾದಷ್ಟೂ ಅದು ಬಾಗಲು ಒಪ್ಪುವುದಿಲ್ಲ, ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಕೇಳಿಸುವ ಉಪಸ್ವರಗಳು) ಶ್ರುತಿ ತಪ್ಪುತ್ತವೆ, ನಾದ ಮಂಕಾಗುತ್ತದೆ. ಹಾಗೆಂದು ಎಲ್ಲ ತಂತಿಯನ್ನೂ 37 ಇಂಚು ಮಾಡಿದರೆ ಮೇಲಿನ ಜಿ ತಂತಿ ಬೇಡದಷ್ಟು ಬಿಗಿಯಾಗುತ್ತದೆ. ದಪ್ಪ ತಂತಿಗೆ ಉದ್ದ, ಸಣ್ಣ ತಂತಿಗೆ ಗಿಡ್ಡ ಇರಲೆಂದೇ ಫ್ರೆಟ್‌ಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡುವುದು.

ಅಮೆರಿಕದ ರಾಲ್ಫ್ ನೋವಾಕ್ ಅವರಿಗೆ 1989ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಬೇಸ್ ಲೋಕದಲ್ಲಿ 37–34 ಎಂಬ ಅಳತೆಗೆ ಇಷ್ಟು ಬೆಲೆ ಬಂದದ್ದು ಕೆನಡಾದ ಸಸ್ಕಟೂನ್‌ನ ಡಿಂಗ್‌ವಾಲ್ ಕಂಪನಿಯ ಬೇಸ್‌ಗಳಿಂದ. ಅವರ ಐದು ತಂತಿಯ ಕಂಬಶ್ಚನ್ ಮಾದರಿಯ ಅಳತೆ ಅದೇ. ಅದನ್ನು ತರಿಸುವಷ್ಟು ಹಣ ನನ್ನಲ್ಲಿರಲಿಲ್ಲ, ನನ್ನಂಥವರು ಬಹಳ ಮಂದಿ ಇದ್ದಾರೆಂಬುದು ಈ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಪೇಟೆಂಟ್ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಓರೆ ಫ್ರೆಟ್‌ನ ವಾದ್ಯ ಮಾಡಬಹುದು, ಅದರಲ್ಲಿ ತಪ್ಪಿಲ್ಲ. 35–33 ಕೂಡ ಕೆಟ್ಟ ಅಳತೆಯಲ್ಲ. ಐಬನೇಜ್‌ನ ಇಎಚ್‌ಬಿ ಸಾಲಿನ ಹಲವು ಮಲ್ಟಿಸ್ಕೇಲ್ ಬೇಸ್‌ಗಳು ಅದೇ ಅಳತೆಯವು, ಆದರೆ ಅವರು 35–33 ಎಂದು ಹೇಳಿಯೇ ಮಾರುತ್ತಾರೆ. ಹೇಳಿ ಮಾರುವುದಕ್ಕೂ ಕಿವಿಯ ಮೇಲೆ ಹೂವಿಟ್ಟು ಮಾರುವುದಕ್ಕೂ ವ್ಯತ್ಯಾಸವಿದೆ.

ವ್ಯವಹಾರ ಎಂದಿನಂತೆಯೇ ನಡೆಯಿತು. ಚಿತ್ರಗಳು ಬಂದವು, ವಿಡಿಯೋ ಬಂತು, ಅರ್ಧ ಹಣ ಮುಂಗಡ, ಉಳಿದದ್ದು ಕೊರಿಯರ್‌ಗೆ ಹಾಕುವ ಮೊದಲು. "ಇದು ನಿಜವಾಗಿಯೂ 37 ಇಂಚೇ?" ಎಂದು ನಾನು ಬರೆದು ಕೇಳಿದ್ದೆ. "ಹೌದು ಸರ್, ಪ್ರಾಪರ್ 37, ಡಿಂಗ್‌ವಾಲ್ ಸ್ಪೆಕ್" ಎಂದು ಬರೆದೇ ಉತ್ತರಿಸಿದ್ದರು. ಅಷ್ಟೇ ಅಲ್ಲ, 37 ಇಂಚಿಗೆ ಸಾಮಾನ್ಯ ತಂತಿ ಉದ್ದ ಸಾಲುವುದಿಲ್ಲ, ವಿಶೇಷ ಉದ್ದದ ತಂತಿಯೇ ಬೇಕು, ಅದು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂದು ತಾವಾಗಿಯೇ ಹೇಳಿ ಒಂದು ಸೆಟ್ ಹೆಚ್ಚುವರಿ ತಂತಿಗೆ ಬೇರೆ ಹಣ ಪಡೆದರು. ಅವರು ಹೇಳಿದ ಮಾತು ತಾಂತ್ರಿಕವಾಗಿ ಸರಿಯೇ. ಅಂಥ ಮಾತು ಹೇಳುವವರಿಗೆ ತಾವು ಮಾರುತ್ತಿರುವ ವಾದ್ಯದ ಅಳತೆ ಗೊತ್ತಿರಲಿಲ್ಲವೆಂದು ನಾನು ಹೇಗೆ ನಂಬಲಿ? ಅಳತೆ ಗೊತ್ತಿದ್ದೇ ನನಗೆ ಉದ್ದದ ತಂತಿಯನ್ನೂ ಮಾರಿದರು ಎಂಬುದೇ ಇವತ್ತಿಗೂ ನನ್ನ ಹೊಟ್ಟೆ ಉರಿಸುವ ಸಂಗತಿ.

ಗುಟ್ಟು ರಟ್ಟಾದದ್ದೂ ಆ ತಂತಿಯಿಂದಲೇ. ಮೊದಲು ಹಾಕಿ ಕಳಿಸಿದ್ದ ತಂತಿಗಳು ಸತ್ತಂತೆ ಕೇಳುತ್ತಿದ್ದುದರಿಂದ ಜ್ಯಾಮ್ ರೂಮಿನಲ್ಲಿ ಎಲ್ಲರೂ ಬರುವುದರೊಳಗೆ ಹೊಸ ಸೆಟ್ ಹಾಕೋಣವೆಂದು ಕುಳಿತೆ. ದಪ್ಪ ಬೇಸ್ ತಂತಿಗಳಲ್ಲಿ ಟ್ಯೂನಿಂಗ್ ಕೀಗೆ ಸುತ್ತುವ ಭಾಗವನ್ನು ಸಣ್ಣದಾಗಿ ಇಳಿಸಿರುತ್ತಾರೆ. ಸ್ಕೇಲ್ ಸರಿಯಾಗಿದ್ದರೆ ನಟ್ (ಕೀಗಳ ಕಡೆ ತಂತಿಗಳು ಕೂರುವ ಪಟ್ಟಿ) ದಾಟಿದ ಸ್ವಲ್ಪದರಲ್ಲೇ ತಂತಿ ಸಣ್ಣದಾಗಬೇಕು. ಇಲ್ಲಿ ನಟ್ ದಾಟಿ, ಕೀಯ ಕಂಬದವರೆಗೂ ದಪ್ಪ ಭಾಗವೇ ಬಂದು ನಿಂತಿತು. ಕಂಬದ ಸೀಳಿನೊಳಗೆ ಅದು ಇಳಿಯುವುದಿಲ್ಲ, ಒತ್ತಿ ಇಳಿಸಿದರೆ ಸುತ್ತಿಕೊಳ್ಳುವುದಿಲ್ಲ. ಅಷ್ಟರಲ್ಲಿ ಬಂದ ಡ್ರಮ್ಮರ್ ಗೆಳೆಯ ನೋಡಿ, "ತಂತಿ ಉದ್ದ ಆಯ್ತಾ, ಇಲ್ಲಾ ಬೇಸೇ ಗಿಡ್ಡ ಆಯ್ತಾ?" ಎಂದು ತಮಾಷೆ ಮಾಡಿದ. ತಮಾಷೆಗೇ ಅವನು ತನ್ನ ಬ್ಯಾಗಿನಿಂದ ಟೇಪ್ ತೆಗೆದ. ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗೆ ದಪ್ಪ ತಂತಿಯ ಗುಂಟ ಹಿಡಿದಾಗ 18.5 ಇಂಚು ಬರಬೇಕಿತ್ತು. ಬಂದದ್ದು 17.5. ಟೇಪ್ ತಿರುಗಿಸಿ ಹಿಡಿದರೂ 17.5. ಸಣ್ಣ ತಂತಿಯ ಕಡೆ 17 ಬರಬೇಕಿತ್ತು, ಬಂದದ್ದು 16.5. ದ್ವಿಗುಣ ಮಾಡಿದರೆ 35 ಮತ್ತು 33. ವಾರಗಟ್ಟಲೆ ಬ್ಯಾಂಡಿನವರ ಮುಂದೆಲ್ಲ "ನನ್ನದು 37 ಇಂಚು" ಎಂದು ಹೇಳಿಕೊಂಡು ಓಡಾಡಿದವನು ನಾನು. ಯಾರೂ ನಗಲಿಲ್ಲ, ಗಿಟಾರ್‌ನವನು ತನ್ನ ಪೆಡಲ್‌ಗಳ ಕೇಬಲ್ ಸರಿಮಾಡುವವನಂತೆ ಮುಖ ತಿರುಗಿಸಿದ. ನಕ್ಕಿದ್ದರೆ ವಾಸಿಯಿತ್ತು.

ಅಂದೇ ಟೇಪ್ ಸಮೇತ ಚಿತ್ರ ತೆಗೆದು ಕಳಿಸಿದೆ. ಮೊದಲ ಉತ್ತರ ಹೀಗಿತ್ತು: "ಸರ್, ಮಲ್ಟಿಸ್ಕೇಲಲ್ಲಿ ಫ್ರೆಟ್ ಓರೆ ಇರುತ್ತೆ, ಅದಕ್ಕೆ ಟೇಪಲ್ಲಿ ಕಮ್ಮಿ ತೋರ್ಸುತ್ತೆ." ಇದು ಶುದ್ಧ ಸುಳ್ಳು. ಅಳೆಯುವುದು ತಂತಿಯ ಗುಂಟ, ಫ್ರೆಟ್ ಯಾವ ಕೋನದಲ್ಲಿದ್ದರೂ ಆ ತಂತಿ ಅದನ್ನು ದಾಟುವ ಜಾಗ ಒಂದೇ. ಹಾಗೆಂದು ಬರೆದೆ. ಎರಡನೆಯ ಉತ್ತರ: "37 ಅಂದ್ರೆ ಕೀಯಿಂದ ಸ್ಯಾಡಲ್‌ವರೆಗೆ ಸರ್. ನೀವು ನಟ್‌ನಿಂದ ಅಳೀತಿದೀರ." ಸ್ಕೇಲ್ ಎಂದರೆ ನಟ್‌ನಿಂದ ಸ್ಯಾಡಲ್‌ವರೆಗಿನ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಜಾಗದವರೆಗಿನ), ಕಂಪಿಸುವ ಭಾಗದ ಉದ್ದವೆಂಬುದು ಗಿಟಾರ್ ಹಿಡಿದ ಮೊದಲ ವರ್ಷದವರಿಗೂ ಗೊತ್ತಿರುವ ವಿಷಯ. ಆದರೂ ಅವರ ಮಾತಿನಂತೆಯೇ ಅಳೆದು ನೋಡಿದೆ. ದಪ್ಪ ತಂತಿಯ ಕೀ ನಟ್‌ಗೆ ಅತಿ ಹತ್ತಿರವಿರುವುದರಿಂದ ಅದೊಂದಕ್ಕೆ ಹೇಗೋ 37 ಬರುತ್ತದೆ. ಐದೂ ಕೀಗಳು ಒಂದೇ ಬದಿಯಲ್ಲಿ ಸಾಲಾಗಿರುವ ಬೇಸ್ ಇದು, ಸಣ್ಣ ತಂತಿಯ ಕೀ ತುತ್ತತುದಿಯಲ್ಲಿದೆ. ಅದೇ ಲೆಕ್ಕ ಅದಕ್ಕೆ ಹಾಕಿದರೆ ಜಾಹೀರಾತಿನ 34 ಹೋಗಲಿ, ಅದರ ಹತ್ತಿರಕ್ಕೂ ಬರುವುದಿಲ್ಲ, ಎಷ್ಟೋ ಮುಂದೆ ಹೋಗುತ್ತದೆ. "ಹಾಗಾದರೆ ನಿಮ್ಮ 34 ಎಲ್ಲಿಂದ ಎಲ್ಲಿಗೆ?" ಎಂದು ಕೇಳಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಬಿಡದೆ ಫೋನ್ ಮಾಡಿದೆ. ಹಣ ಕೊಡುವವರೆಗೆ ಸರ್ ಆಗಿದ್ದ ನಾನು ಅಷ್ಟರಲ್ಲಿ ಬ್ರೋ ಆಗಿದ್ದೆ. "ನಂಬರ್ ಯಾಕೆ ಬ್ರೋ, ಸೌಂಡ್ ಕೇಳಿ. ಲೆಕ್ಕ ಬಿಡಿ. ನಿಮ್ಮ ಆಂಪ್ ಯಾವ್ದು?" ಎಂದರು. ನನ್ನ ಆಂಪ್ ಯಾವುದಾದರೆ ಅವರಿಗೇನು? ಆಂಪ್ ಬದಲಿಸಿದರೆ ನೆಕ್ ಬೆಳೆಯುತ್ತದೆಯೇ? ವಾಪಸ್ ತೆಗೆದುಕೊಳ್ಳಿ ಎಂದದ್ದಕ್ಕೆ, "ನೀವು ತಂತಿ ಚೇಂಜ್ ಮಾಡಿದೀರ, ಯೂಸ್ಡ್ ಆಯ್ತು, ರಿಟರ್ನ್ ಆಗಲ್ಲ" ಎಂದರು. ಆ ತಂತಿಯನ್ನು ನನಗೆ ಮಾರಿದವರೇ ಅವರು! ಅರ್ಧ ಹಣವಾದರೂ ಹಿಂದಿರುಗಿಸಿ, ಕನಿಷ್ಠ ಆ ಉದ್ದದ ತಂತಿಯ ಹಣವನ್ನಾದರೂ ಕೊಡಿ ಎಂದು ಕೇಳುವ ಮಟ್ಟಕ್ಕೆ ಇಳಿದೆ. ಆಗ ಬಂದ ಮಾತನ್ನು ಇದ್ದಂತೆಯೇ ಬರೆಯುತ್ತಿದ್ದೇನೆ: "ನಿಮ್ಗೆ ಬೇಡ ಅಂದ್ರೆ ಯಾರ್ಗಾದ್ರೂ ಮಾರ್ಬಿಡಿ ಬ್ರೋ. 37 ಅಂತಾನೇ ಹಾಕಿ. ಯಾರ್ ಟೇಪ್ ಹಿಡ್ಕೊಂಡ್ ಬರ್ತಾರೆ?"

ಗಾಯದ ಮೇಲೆ ಬರೆ ಎಳೆದಂತಾಯಿತು. ನಾನು ಈ ಬರಹ ಬರೆಯಲು ಹಣ ಹೋದದ್ದಕ್ಕಿಂತ ಆ ಒಂದು ಮಾತೇ ಕಾರಣ. ಯಾರೂ ಟೇಪ್ ಹಿಡಿದು ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಡೆಯುತ್ತಿರುವ ವ್ಯಾಪಾರ ಇದು. ಬಹುಶಃ ಅವರಿಗೂ ಮೊದಲೊಬ್ಬರು ಹೀಗೆಯೇ ಹೇಳಿ ದಾಟಿಸಿದ್ದರೋ ಏನೋ, ಅದು ನನಗೆ ಬೇಡದ ವಿಚಾರ.

ಆದ್ದರಿಂದ ದಯವಿಟ್ಟು ಟೇಪ್ ಹಿಡಿದೇ ಹೋಗಿ. ದೂರದಿಂದ ಕೊಳ್ಳುವುದಾದರೆ ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗೆ, ಅತಿ ದಪ್ಪ ಮತ್ತು ಅತಿ ಸಣ್ಣ ತಂತಿ ಎರಡರ ಗುಂಟವೂ ಟೇಪ್ ಇಟ್ಟು, ಅಂಕಿ ಕಾಣುವಂತೆ ವಿಡಿಯೋ ಕರೆಯಲ್ಲೇ ತೋರಿಸಲು ಹೇಳಿ, ನಂತರ ಹಣದ ಮಾತಾಡಿ. ಸ್ಯಾಡಲ್‌ವರೆಗೆ ಅಳೆದು ತೋರಿಸಿದರೆ ಒಪ್ಪಬೇಡಿ, ಇಂಟೊನೇಷನ್‌ಗಾಗಿ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿಹೊಂದಲೆಂದು) ಸ್ಯಾಡಲ್ ಹಿಂದೆ ಮುಂದೆ ಸರಿಯುವುದರಿಂದ ಅಲ್ಲಿ ಆಟವಾಡಲು ಅವಕಾಶವಿದೆ, ಹನ್ನೆರಡನೆಯ ಫ್ರೆಟ್ ಎಲ್ಲಿಗೂ ಸರಿಯುವುದಿಲ್ಲ. ಬರೀ ಚಿತ್ರ ನೋಡಿ ನಂಬಬೇಡಿ, ಕ್ಯಾಮೆರಾ ಸ್ವಲ್ಪ ವಾಲಿಸಿದರೆ ಯಾವ ಫ್ರೆಟ್ ಬೇಕಾದರೂ ಇನ್ನಷ್ಟು ಓರೆಯಾಗಿ ಕಾಣುತ್ತದೆ. ನಿಮಗೆ ಬೇಕಾದ ಗೇಜ್ ನಟ್‌ನ ಕಚ್ಚಿನಲ್ಲಿ, ಸ್ಯಾಡಲ್‌ನಲ್ಲಿ, ಕೀಯ ಸೀಳಿನಲ್ಲಿ ಕೂರುತ್ತದೆಯೇ ಎಂಬುದನ್ನೂ ಮೊದಲೇ ಕೇಳಿ. ಎ ಸ್ವರದವರೆಗೆ ಮಾತ್ರ ಇಳಿಯುವವರು 35 ಇಂಚಿನ ಒಳ್ಳೆಯ ಬೇಸ್‌ಗೆ ತುಸು ದಪ್ಪ ತಂತಿ ಹಾಕಿ ನೆಮ್ಮದಿಯಾಗಿರಬಹುದು, 37ರ ಹುಚ್ಚು ಹಿಡಿಸಿಕೊಳ್ಳಬೇಕಾಗಿಲ್ಲ. ಅದಕ್ಕಿಂತ ಕೆಳಗೆ ಹೋಗುವವರಿಗೆ ಮಾತ್ರ ಆ ಎರಡು ಇಂಚು ನಿಜವಾಗಿ ಬೇಕಾಗುತ್ತದೆ, ಮೋಸ ಹೋಗುವವರೂ ಅವರೇ.

ನಾನೀಗ 35 ಇಂಚಿನ ಮೇಲೆ 150ರ ತಂತಿ ಹಾಕಿ, ನಟ್ ಅಗಲ ಮಾಡಿಸಿ, ಆ ಖರ್ಚನ್ನೂ ನಾನೇ ಹೊತ್ತು ನುಡಿಸುತ್ತಿದ್ದೇನೆ. ಹನ್ನೆರಡನೆಯ ಫ್ರೆಟ್ ದಾಟಿದರೆ ಆ ತಂತಿ ಸ್ವರಕ್ಕಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಬಿಲ್ಲು ಮತ್ತು ಸಂದೇಶಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಇದೇ ರೀತಿ ಕೊಂಡವರು ಇದ್ದರೆ ಇಂದೇ ಅಳೆದು ಚಿತ್ರ ತೆಗೆದಿಟ್ಟುಕೊಳ್ಳಿ.

ದೂರು ಹೋದ ಮೇಲೆ ಅವರ ಜಾಹೀರಾತಿನಲ್ಲಿ ಒಂದೇ ಒಂದು ಬದಲಾವಣೆ ಆಗಿದೆ. ಮೊದಲು "37–34 ಇಂಚು ಸ್ಕೇಲ್" ಎಂದಿದ್ದುದು ಈಗ "37 ಇಂಚು ಫೀಲ್" ಎಂದಾಗಿದೆ, ಬೆಲೆ ಅಷ್ಟೇ ಇದೆ. ಆ ಫೀಲ್ ಅನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆಂದು ಬೇರೆ ನಂಬರಿನಿಂದ ಕೇಳಿದೆ. ಆ ನಂಬರನ್ನೂ ಬ್ಲಾಕ್ ಮಾಡಿದರು.